ವೆದರ್‌ಲಾದ ನೇರ ದಾರಿ

ಜನರಲ್ ನಿನಿಯನ್ ರೆಡ್‌ಪಾತ್ ಊರಿಗೆ ಮರಳಿ ಹನ್ನೆರಡು ದಿನವಾಗಿತ್ತಷ್ಟೆ. ಅಷ್ಟರಲ್ಲೇ ಅಡುಗೆಯವಳು, ಹಾಲು ಕರೆಯುವವಳು, ಲಾಯದವನು ಮೂವರೂ ಒಟ್ಟಿಗೆ ಬಂದು ಅವನ ಅಕ್ಕ ಗ್ರಿಜೆಲ್ ಮುಂದೆ ನಿಂತು, ತಮಗೆ ಈ ಮನೆಯ ಕೆಲಸ ಸಾಕಾಯಿತು ಎಂದರು.

ಕಾರಣ, ಗಂಟೆ. ಬಂದ ಮರುದಿನವೇ ಜನರಲ್ ಹಿತ್ತಿಲ ಬಾಗಿಲ ಪಕ್ಕ ಒಂದು ಹಡಗಿನ ಗಂಟೆ ತೂಗುಹಾಕಿಸಿದ್ದ. ಬೆಳಗಿನ ಐದಕ್ಕೆ ಅದು ಹೊಡೆದುಕೊಳ್ಳುತ್ತಿತ್ತು. ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಅವತ್ತು ಯಾರು ಯಾವ ಕೆಲಸ ಮಾಡಬೇಕೆಂದು ಅವನು ಕಾಗದ ಹಿಡಿದು ಓದುತ್ತಿದ್ದ.

"ಹಾಲು ಹೇಗೆ ಕರೀಬೇಕು ಅಂತ ಹಾಲು ಕರೆಯೋಳಿಗೇ ಓದಿ ಹೇಳ್ತೀಯಂತಲ್ಲೋ ನಿನಿಯನ್," ಎಂದಳು ಗ್ರಿಜೆಲ್, ಅವನ ಮುಂದೆ ಓಟ್ಸ್ ಗಂಜಿಯ ಬಟ್ಟಲು ಇಡುತ್ತ. "ಹಸುಗೂ ಒಂದು ಅಪ್ಪಣೆ ಬರೆದುಬಿಡು. ಅದೂ ಬಂದು ಸಾಲಲ್ಲಿ ನಿಲ್ಲಲಿ."

"ಅಕ್ಕಾ, ಹೊತ್ತು ಗೊತ್ತು ಇಲ್ಲದ ಮನೆ..."

"ಮೂವತ್ತು ವರ್ಷ ನಡೆಸಿದೀನಿ ಕಣೋ ಈ ಮನೇನ. ಒಂದು ಸಲ ಗಂಟೆ ಬಾರಿಸಿಲ್ಲ. ಮೊದಲು ಕೂತ್ಕೊ. ಕುದುರೆ ಥರ ನಿಂತ್ಕೊಂಡೇ ತಿಂತೀಯಲ್ಲ!"

ಅವನು ಕೂರಲಿಲ್ಲ. ಬಟ್ಟಲನ್ನು ಕೈಯಲ್ಲೇ ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡುತ್ತ ಗಂಜಿ ಮುಗಿಸಿದ. ಗ್ರಿಜೆಲ್ ಹೊರಗೆ ಹೋಗಿ ಮೂವರನ್ನೂ ಸಮಾಧಾನ ಮಾಡಿದಳು. ಗಂಟೆಯ ನಾಲಗೆಗೆ ತನ್ನ ಹಳೆಯ ಉಣ್ಣೆಯ ಕಾಲುಚೀಲ ಸುತ್ತಿ ಬಿಗಿಯಾಗಿ ಕಟ್ಟಿಬಿಟ್ಟಳು.

ಅವನಾದರೂ ಏನು ಮಾಡಿಯಾನು? ಹದಿನಾರನೆಯ ವಯಸ್ಸಿಗೆ ಈ ಮನೆಯ ಮೆಟ್ಟಿಲಿಳಿದು ಪಟಾಲಮ್ಮು ಸೇರಿದವನು. ಫ್ಲಾಂಡರ್ಸಿನ ಕೆಸರಲ್ಲಿ ಎರಡು ಚಳಿಗಾಲ ಕಳೆದ. ಜರ್ಮನಿಯಲ್ಲಿ ತೊಡೆಗೆ ಗುಂಡು ಬಿತ್ತು. ಆಮೇಲೆ, ಸಾವಿರದ ಏಳುನೂರ ಐವತ್ತೆಂಟರಲ್ಲಿ, ಸಮುದ್ರ ದಾಟಿ ಕೆನಡಾ. ಅಲ್ಲಿ ಮೇಜರ್ ಆದವನು ಕರ್ನಲ್ ಆದ, ಕರ್ನಲ್ ಆದವನು ಜನರಲ್ ಆದ. ಮೊದಲು ಒಂದು ಮರದ ಕೋಟೆ, ಆಮೇಲೆ ಒಂದು ಇಡೀ ಪ್ರಾಂತ ಅವನ ಕೈಗೆ ಬಂತು. ಒಂಬತ್ತು ವರ್ಷ ಅದನ್ನು ಆಳಿದ. ಸೋತ ಫ್ರೆಂಚ್ ರೈತರ ಹೊಲ ಅವರಿಗೇ ಇರಲಿ, ಅವರ ಪಾದ್ರಿಗಳೂ ಅವರಿಗೇ ಇರಲಿ ಎಂದ. ಸೈನ್ಯದ ಬೆನ್ನಿಗೆ ಬಂದಿಳಿದ ಇಂಗ್ಲಿಷ್ ವರ್ತಕರಿಗೆ ಇದು ಸೇರಲಿಲ್ಲ. ದೂರಿನ ಮೇಲೆ ದೂರು ಬರೆದು ಅವನನ್ನು ವಾಪಸು ಕರೆಸಿದರು. ಲಂಡನ್ನಿನಲ್ಲಿ ಹನ್ನೊಂದು ತಿಂಗಳು ವಿಚಾರಣೆ ನಡೆಯಿತು. ಕೊನೆಗೆ ತಪ್ಪೇನೂ ಇಲ್ಲ ಎಂದರು. ಆದರೆ ಕೆಲಸವನ್ನೂ ಕೊಡಲಿಲ್ಲ. ಮದುವೆಯಾಗಲು ಅವನಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಹಾಗಾಗಿ ಅರವತ್ತೆರಡನೆಯ ವಯಸ್ಸಿನಲ್ಲಿ, ನಾಲ್ಕು ಪೆಟ್ಟಿಗೆಗಳ ಜೊತೆ, ಹುಟ್ಟಿದ ಮನೆಗೆ ಬಂದ.

ವೆದರ್‌ಲಾದ ಆ ಮನೆಯಲ್ಲಿ ಅವನ ಕಾಲು ನಿಲ್ಲುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಜಮೀನಿನ ಎಲ್ಲೆ ಸುತ್ತಿ ಬರುತ್ತಿದ್ದ. ಕುರಿಗಳ ದೊಡ್ಡಿಗೆ ಬಾಗಿಲು ಬೇರೆ ಕಡೆ ಇರಬೇಕಿತ್ತು ಎನ್ನುತ್ತಿದ್ದ. ಅಂಚೆಗಾಡಿ ಡನ್ಸ್ ಊರಿಗೆ ಬರುವ ದಿನ ಮೂರು ಮೈಲಿ ಸವಾರಿ ಮಾಡಿ ಹೋಗಿ, ಬರಿಗೈಯಲ್ಲಿ ಬಂದು, ಆ ದಿನ ಪೂರ್ತಿ ಯಾರೊಡನೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ.

ಏಪ್ರಿಲ್ ಕೊನೆಯ ವಾರ ಅವನ ಕಣ್ಣು ದಾರಿಯ ಮೇಲೆ ಬಿತ್ತು. ಮನೆಯ ಮುಂಬಾಗಿಲಲ್ಲಿ ನಿಂತರೆ ಚರ್ಚಿನ ಗೋಪುರ ಕೈಗೆ ಸಿಗುವ ಹಾಗೆ ಕಾಣುತ್ತಿತ್ತು. ಅರ್ಧ ಮೈಲಿಯೂ ಇಲ್ಲ. ಆದರೆ ದಾರಿ ಮಾತ್ರ ಒಂದು ಬಾವಿ ಬಳಸಿ, ಎರಡು ಬೇಲಿ ಸುತ್ತಿ, ಒಕ್ಕಲು ಮನೆಗಳ ಹಿತ್ತಿಲುಗಳನ್ನೆಲ್ಲ ಮಾತಾಡಿಸಿಕೊಂಡು ಒಂದೂಕಾಲು ಮೈಲಿಯಾಗಿ ಹೋಗುತ್ತಿತ್ತು.

"ಇದನ್ನ ನೇರ ಮಾಡ್ತೀನಿ," ಎಂದ.

"ಆ ದಾರಿ ನಮ್ಮಜ್ಜನ ಕಾಲದಿಂದ ಹಾಗೇ ಇದೆ," ಎಂದಳು ಗ್ರಿಜೆಲ್.

"ಅದೇ ಅದರ ರೋಗ."

ವಾಟ್ ಪ್ರಿಂಗಲ್‌ನನ್ನು ಕರೆಸಿದ. ವಾಟ್ ಹಿಂದೆ ಅವನ ಪಟಾಲಮ್ಮಿನ ಸಾರ್ಜೆಂಟ್. ಈಗ ವೆದರ್‌ಲಾದ ಹೊಲಗದ್ದೆಯ ಮೇಸ್ತ್ರಿ. ಕೆನಡಾದ ಹಿಮದಲ್ಲಿ ಬಲಗಾಲಿನ ಮೂರು ಬೆರಳು ಕಳೆದುಕೊಂಡು ಊರಿಗೆ ಬಂದವನು. ಕುಂಟುತ್ತ ನಡೆದರೂ ಯಾರಿಗಿಂತ ಹಿಂದೆ ಬೀಳುತ್ತಿರಲಿಲ್ಲ. ಇಬ್ಬರೂ ಸೇರಿ ಹಗ್ಗ ಎಳೆದು ಗೂಟ ಹೊಡೆದರು. ಮೂರು ದಿನ ಜನರಲ್ ಹಾಡು ಗುನುಗುತ್ತಿದ್ದ. ಹಗ್ಗ ಹೋಗುವ ಗೆರೆಯಲ್ಲಿ ಒಂದು ಮನೆ ಬಂತು. ಎಫಿ ರೂಲ್ ಎಂಬ ವಿಧವೆಯ ಹುಲ್ಲುಸೂರಿನ ಮನೆ. ಹಗ್ಗವನ್ನು ಅವಳ ಕೋಸಿನ ಪಾತಿಯ ಮೇಲೆ ಹಾಯಿಸಿ, ಗೋಡೆಯ ಈಚೆಗೊಂದು ಆಚೆಗೊಂದು ಗೂಟ ನೆಟ್ಟು ಮುಂದೆ ಹೋದರು. ವಾಟ್ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ.

ಮರುದಿನ ಜನರಲ್ ಬಂದು ನೋಡಿದರೆ ಆ ಗೂಟಗಳು ಎಫಿಯ ಹಿತ್ತಿಲಲ್ಲಿ ಸಾಲಾಗಿ ನಿಂತಿದ್ದವು. ಹಗ್ಗವೂ ಅಲ್ಲೇ ಇತ್ತು. ಅದರ ಮೇಲೆ ಅವಳ ಎರಡು ಲಂಗ, ಒಂದು ಅಂಗಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು.

"ಆ ಹಗ್ಗ ನನ್ನದು," ಎಂದ ಜನರಲ್.

"ಹೌದಾ ಧಣಿ?" ಎಫಿ ಕೋಳಿಗಳಿಗೆ ಕಾಳು ಎರಚುತ್ತಿದ್ದಳು. ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. "ನನ್ನ ಕೋಸಿನ ಮೇಲೆ ಬಿದ್ದಿತ್ತು. ಪಾಪ, ಯಾರೋ ಮರೆತು ಹೋಗಿದಾರೆ ಅಂದ್ಕೊಂಡೆ. ಒಳ್ಳೆ ಹಗ್ಗ."

"ಇಲ್ಲಿ ದಾರಿ ಬರುತ್ತೆ ಎಫಿ. ಚರ್ಚಿನ ಪಕ್ಕದಲ್ಲೇ ನಿನಗೆ ಹೊಸ ಮನೆ ಕಟ್ಟಿಸಿಕೊಡ್ತೀನಿ. ಕಲ್ಲಿನ ಗೋಡೆ, ಕಲ್ಲುಚಪ್ಪಡಿ ಸೂರು, ಎರಡು ಕಿಟಕಿ."

"ಒಂದು ಕಿಟಕೀಲಿ ಬರೋ ಚಳಿಗೇ ಸಾಕಾಗಿದೆ. ಎರಡು ತಗೊಂಡು ಏನು ಮಾಡ್ಲಿ?"

ಹಳ್ಳಿಗಳನ್ನು ಹೊಳೆಯ ಈಚೆಯಿಂದ ಆಚೆಗೆ ಎಬ್ಬಿಸಿ ಕೂರಿಸಿದವನು ಅವನು. ಒಬ್ಬಳ ಕೋಸಿನ ಪಾತಿ ದಾಟಲಾರದೆ ವಾಪಸು ಬಂದ. ಗ್ರಿಜೆಲ್ ನಕ್ಕಳು. "ಬಲವಂತ ಮಾಡೋಕೆ ಹೋಗ್ಬೇಡ. ಆ ಮನೆ ಅವಳ ಜೀವ ಇರೋವರೆಗೂ ಅವಳದ್ದು ಅಂತ ಅಪ್ಪ ಬರೆದುಕೊಟ್ಟಿದಾನೆ. ಕೇಳು, ಕೊಟ್ರೆ ತಗೊ."

ಕೇಳುವುದು ಅವನಿಗೆ ರೂಢಿಯಿರಲಿಲ್ಲ. ಆದರೂ ಮರುದಿನ ಹೋದ, ಅದರ ಮರುದಿನವೂ ಹೋದ. ನಾಲ್ಕನೆಯ ದಿನ ಎಫಿ ಉಣ್ಣೆಯ ನೂಲು ಸುತ್ತುತ್ತಿದ್ದಳು. ಅವನು ಒಲೆಯ ಮುಂದೆ ಅತ್ತಿಂದಿತ್ತ ನಡೆದಾಡುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, "ಧಣಿ, ನೀವು ಹೀಗೆ ಓಡಾಡಿದ್ರೆ ನನಗೆ ತಲೆ ಸುತ್ತುತ್ತೆ. ಆ ಬೆಂಚಿನ ಮೇಲೆ ಕೂತು ಕೈ ಚಾಚಿ," ಎಂದಳು. ಅವನು ಯಾಕೆಂದು ಕೇಳುವ ಮೊದಲೇ ನೂಲಿನ ಲಡಿಯನ್ನು ಅವನ ಎರಡು ಕೈಗಳಿಗೆ ಹಾಕಿ, ಉಂಡೆ ಸುತ್ತತೊಡಗಿದಳು. ಕೋಳ ತೊಡಿಸಿದ ಹಾಗಾಯಿತು. ಏಳುವಂತಿಲ್ಲ, ಕೈ ಇಳಿಸುವಂತಿಲ್ಲ.

"ನನ್ನ ಗಂಡ ನಿಮ್ಮ ಪಟಾಲಮ್ಮಲ್ಲೇ ಇದ್ದ," ಎಂದಳು ಅವಳು. "ಗಿಬ್ ರೂಲ್. ಐವತ್ತೆಂಟರಲ್ಲಿ ನೀವೇ ಡನ್ಸ್ ಸಂತೇಲಿ ಡೋಲು ಹೊಡೆಸಿ ಕರ್ಕೊಂಡು ಹೋದ್ರಿ."

"ಗಿಬ್ ರೂಲ್. ಹೌದು ಹೌದು. ಒಳ್ಳೆ ಸಿಪಾಯಿ."

"ಅವನ ಕೂದಲು ಯಾವ ಬಣ್ಣ?"

ಜನರಲ್ ಕೈಯಲ್ಲಿದ್ದ ನೂಲನ್ನು ನೋಡಿದ. "ಕಂದು."

"ಕೆಂಪು," ಎಂದಳು ಎಫಿ. ಉಂಡೆ ತಿರುಗುವುದು ನಿಲ್ಲಲಿಲ್ಲ. "ಹೊಲದಾಚೆಯಿಂದ ಬರ್ತಿದ್ರೆ ಬಣವೆಗೆ ಬೆಂಕಿ ಬಿದ್ದ ಹಾಗೆ ಕಾಣ್ತಿತ್ತು. ಇರಲಿ ಬಿಡಿ. ಸಾವಿರ ಜನರಲ್ಲಿ ಒಬ್ಬ. ನೀವು ನೆನಪಿಟ್ಕೋಬೇಕಿತ್ತು ಅಂತ ನಾನೇನೂ ಅಂತಿಲ್ಲ. ಯುದ್ಧದಲ್ಲಿ ಹೋದ. ಕೈಲಿ ಬಂದೂಕು ಹಿಡ್ಕೊಂಡೇ ಬಿದ್ನಂತೆ. ವಾಟ್ ಬಂದು ಹೇಳಿದ. ಅವನು ಹೋದದ್ದು ಅರವತ್ನಾಲ್ಕರ ಫೆಬ್ರವರೀಲಿ. ನನ್ನ ಮಗಳು ಐಸೊಬೆಲ್‌ಗೆ ಆಗ ಆರು ವರ್ಷ."

ಲಡಿ ಮುಗಿಯಿತು. ಜನರಲ್ ಎದ್ದು, ದಾರಿಯ ಮಾತೆತ್ತದೆ ಹೊರಟ. ಬಾವಿಯ ಹತ್ತಿರ ಬರುವಷ್ಟರಲ್ಲಿ ಅವನ ಕಾಲು ತಾನಾಗಿ ನಿಂತಿತು. ಅರವತ್ನಾಲ್ಕರ ಫೆಬ್ರವರಿ. ಕೆನಡಾದ ಯುದ್ಧ ಮುಗಿದು ಆಗಲೇ ವರ್ಷಗಳಾಗಿದ್ದವು. ಅವನ ಪಟಾಲಮ್ಮು ಆ ಚಳಿಗಾಲವಿಡೀ ಯಾರ ಮೇಲೂ ಒಂದು ಗುಂಡು ಹಾರಿಸಿರಲಿಲ್ಲ.

ವಾಟ್ ಹೊಸ ದಾರಿಗೆಂದು ಕಲ್ಲು ಒಡೆಸುತ್ತಿದ್ದ. ಜನರಲ್ ಅವನನ್ನು ಬೇಲಿಯಾಚೆ ಕರೆದ.

"ವಾಟ್, ಗಿಬ್ ರೂಲ್ ಹೇಗೆ ಸತ್ತ?"

ವಾಟ್ ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕಿಟ್ಟ. "ಅಂತೂ ಕೇಳಿದ್ರಲ್ಲ ಸಾಹೇಬ್ರೇ."

"ಹೇಳು."

"ಅವನೂ ಆ ಕಾಗದದ ಜೊತೆ ಹೋದವರಲ್ಲಿ ಒಬ್ಬ."

ಜನರಲ್‌ಗೆ ಯಾವ ಕಾಗದ ಎಂದು ಕೇಳುವ ಅಗತ್ಯ ಬರಲಿಲ್ಲ.

ಆ ವರ್ಷ ಅವನು ನದಿಯ ದಂಡೆಯ ಮರದ ಕೋಟೆಯಲ್ಲಿ ಕರ್ನಲ್ ಆಗಿದ್ದ. ನವೆಂಬರಿನಲ್ಲಿ ನದಿ ಹೆಪ್ಪುಗಟ್ಟಿದರೆ ಮತ್ತೆ ಹಡಗು ಬರುವುದು ಮೇ ತಿಂಗಳಲ್ಲಿ. ಮಾಡಲು ಏನೂ ಇಲ್ಲ. ದಿನಕ್ಕೆ ನೂರು ಸಲ ಕೋಟೆಯ ಒಳಸುತ್ತು ನಡೆಯುತ್ತಿದ್ದ. ಕೆಳಗಿನ ದೊಡ್ಡ ಪಟ್ಟಣದ ಅಧಿಕಾರ ಖಾಲಿಯಾಗಲಿದೆ ಎಂದು ಯಾರೋ ಬೇಟೆಗಾರ ಹೇಳಿದ ಒಂದು ಗಾಳಿಮಾತು ಕಿವಿಗೆ ಬಿತ್ತು. ಅದು ತನಗೆ ಬೇಕು ಎಂದು ಕಾಗದ ಬರೆದ. ಬರೆದ ಮೇಲೆ ಮೇಜಿನ ಮೇಲಿದ್ದ ಆ ಕಾಗದವನ್ನು ನೋಡಿಕೊಂಡು ಒಂದು ದಿನ ಕಳೆಯುವುದೂ ಕಷ್ಟವಾಯಿತು. ಊರಿನ ಫ್ರೆಂಚ್ ದೋಣಿಗಾರ ಮುದುಕನೊಬ್ಬ ಬಂದು, ಬೆಚ್ಚನೆ ಗಾಳಿ ಬೀಸಿದೆ, ನೀರು ರಭಸವಾಗಿ ಹರಿಯುವ ಕಡೆ ಮಂಜುಗಡ್ಡೆ ಪೊಳ್ಳಾಗಿದೆ, ಒಂದು ವಾರ ತಡೆಯಿರಿ ಎಂದ. ಇವನು ತಡೆಯಲಿಲ್ಲ. ವಾಟ್‌ನ ಕೈಗೆ ಕಾಗದ ಕೊಟ್ಟು, ಹತ್ತು ಜನರ ಜೊತೆ ಹೆಪ್ಪುಗಟ್ಟಿದ ನದಿಯ ಮೇಲೆ ಕಳಿಸಿದ. ಹನ್ನೊಂದು ಜನರಲ್ಲಿ ಇಬ್ಬರು ಬದುಕಿ ಬಂದರು.

"ಗಿಬ್ ಎತ್ತರದ ಆಳು. ಮುಂದೆ ನಡೀತೀನಿ ಅಂದ," ಎಂದ ವಾಟ್. "ಎರಡನೇ ದಿನ ಬೆಳಗ್ಗೆ ಕಾಲ ಕೆಳಗೇ ಮಂಜುಗಡ್ಡೆ ಒಡೀತು. ಮೂವರು ಅಲ್ಲೇ ಹೋದ್ರು. ಗಿಬ್‌ನ ಎಳ್ಕೊಂಡ್ವಿ. ಮೈಮೇಲಿನ ಬಟ್ಟೆಯೆಲ್ಲ ಹೆಪ್ಪುಗಟ್ಟಿ ಹಲಗೆ ಆಗೋಯ್ತು. ಆದ್ರೂ ಮಧ್ಯಾಹ್ನದವರೆಗೂ ನಡೆದ ಸಾಹೇಬ್ರೇ. ಎಫಿ ಹಂದಿ ಹಿಡಿಯೋಕೆ ಹೋಗಿ ಕೆಸರಲ್ಲಿ ಬಿದ್ದ ಕಥೆ ಹೇಳಿ ನಮ್ಮನ್ನ ನಗಿಸ್ತಾನೇ ಇದ್ದ. ಆಮೇಲೆ ಬಿರುಗಾಳಿ ಬಂತು. ಸ್ವಲ್ಪ ಕೂತ್ಕೋತೀನಿ ಅಂದ. ಕೂತವರು ಯಾರೂ ಏಳಲಿಲ್ಲ."

"ಕಾಗದ ತಲುಪಿಸಿದೆ ನೀನು."

"ತಲುಪಿಸಿದೆ. ಕೋಟಿನೊಳಗಿತ್ತು. ಒದ್ದೆ ಕೂಡ ಆಗಿರಲಿಲ್ಲ."

"ಅವಳಿಗೆ ಯುದ್ಧ ಅಂದೆಯಲ್ಲ."

"ಕುಂಟ್ಕೊಂಡು ಅವಳ ಬಾಗಿಲಿಗೆ ಹೋದೆ. 'ಯುದ್ಧದಲ್ಲಾ? ಕೈಲಿ ಬಂದೂಕಿತ್ತಾ?' ಅಂತ ಅವಳೇ ಕೇಳಿದ್ಲು. ಹೌದು ಅಂದೆ. ಇನ್ನೇನು ಅನ್ಲಿ?"

ಜನರಲ್ ಅವತ್ತು ಮನೆಗೆ ಹೋಗದೆ ಗುಡ್ಡದ ಕಡೆ ನಡೆದ. ಮರೆತೇಬಿಟ್ಟಿದ್ದ ಎಂದರೆ ಸುಳ್ಳಾಗುತ್ತದೆ. ಸತ್ತವರು ಒಂಬತ್ತು ಎಂಬುದು ನೆನಪಿತ್ತು. 'ಕರ್ತವ್ಯದಲ್ಲಿದ್ದಾಗ ನದಿಯಲ್ಲಿ ಕಳೆದುಹೋದರು' ಎಂದು ತಾನೇ ಬರೆದ ಸಾಲೂ ನೆನಪಿತ್ತು. ಆ ವರ್ಷ ನದಿ ಕರಗಿತು, ಹಡಗು ಬಂತು, ಕೆಲಸಗಳು ಬಂದವು. ಒಂದರ ಹಿಂದೆ ಒಂದು, ಇಪ್ಪತ್ತು ವರ್ಷ ಕೆಲಸಗಳೇ ಬಂದವು. ಈಗ ಗುಡ್ಡದ ಮೇಲೆ ಕುರಿಗಳ ನಡುವೆ ನಿಂತು ಆ ಒಂಬತ್ತು ಮುಖಗಳನ್ನು ನೆನೆಯಲು ನೋಡಿದ. ಒಂದೂ ಬರಲಿಲ್ಲ. ಕೆಂಪು ಕೂದಲು ಮಾತ್ರ ಕಂಡಿತು. ಅದೂ ಎಫಿ ಹೇಳಿದ್ದರಿಂದ.

ಊಟದ ಹೊತ್ತಿಗೆ ಎಲ್ಲವನ್ನೂ ಗ್ರಿಜೆಲ್‌ಗೆ ಹೇಳಿದ. ಅವಳು ಚಮಚ ಕೆಳಗಿಟ್ಟು ಕೇಳಿದಳು.

"ಹೇಳ್ಬೇಕು ಅಂತಿದೀಯಾ ಅವಳಿಗೆ?"

"ಹೇಳ್ಬಾರ್ದಾ?"

"ಹಾಗಂತ ನಾನೆಲ್ಲಿ ಅಂದೆ? ನಿನ್ನ ಎದೆ ಹಗುರ ಆಗ್ಲಿ ಅಂತ ಹೋಗಿ ಅವಳ ಎದೆ ಮೇಲೆ ಹೇರಿ ಬರೋದಾದ್ರೆ ಬೇಡ. ನಿನ್ನ ಚಾಳಿ ನನಗೆ ಗೊತ್ತಿಲ್ವಾ? ಅಪ್ಪನ ಕುದುರೆ ಕಾಲು ಮುರಿದಾಗ್ಲೂ ಬಾಗಿಲಲ್ಲಿ ನಿಂತು ಹೇಳ್ದವನೇ ಓಡಿಹೋಗಿದ್ದೆ. ಹೇಳೋದಾದ್ರೆ ಹೇಳು. ಆಮೇಲೆ ಅವಳು ಬೈಯೋಷ್ಟು ಹೊತ್ತೂ ಅಲ್ಲೇ ಕೂತಿರು. ನಿನ್ನ ಕೈಲಾಗುತ್ತಾ?"

ಮೂರು ದಿನ ಅವನು ಎಫಿಯ ಮನೆಯ ಕಡೆ ಹೋಗಲಿಲ್ಲ. ವಾಟ್ ಎದುರು ಸಿಕ್ಕರೆ ಕಲ್ಲು ಎಷ್ಟಾಯಿತು ಎಂದಷ್ಟೇ ಕೇಳುತ್ತಿದ್ದ. ಮನೆಯೊಳಗೆ ಅವನ ಬೂಟಿನ ಸದ್ದು ಮೇಲಿನ ಕೋಣೆಯಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಕೇಳುತ್ತಲೇ ಇತ್ತು.

ನಾಲ್ಕನೆಯ ದಿನ ಲಂಡನ್ನಿನಿಂದ ಕಾಗದ ಬಂತು. ಕೆನಡಾದ ನದಿ ಸಮುದ್ರ ಸೇರುವಲ್ಲಿ ಸೇಂಟ್ ಬ್ರೈಡ್ ಎಂಬ ಸಣ್ಣ ದ್ವೀಪ. ಅದರ ಗವರ್ನರ್ ತೀರಿಕೊಂಡಿದ್ದಾನೆ. ಆ ಜಾಗಕ್ಕೆ ಜನರಲ್ ರೆಡ್‌ಪಾತ್ ಹೋಗಬೇಕು. ಎರಡು ವಾರದೊಳಗೆ ಲೀತ್ ಬಂದರಿನಲ್ಲಿ ಹಡಗು ಹತ್ತಬೇಕು. ಓದುತ್ತಿದ್ದ ಹಾಗೇ ಅವನ ಬೆನ್ನು ನೆಟ್ಟಗಾಯಿತು. ಹತ್ತು ವರ್ಷ ಕಿರಿಯವನಾದ. ಅರ್ಧ ಗಂಟೆಯಲ್ಲಿ ನಾಲ್ಕೂ ಪೆಟ್ಟಿಗೆ ಅಂಗಳಕ್ಕೆ ಬಂದವು. ಕಾಲುಚೀಲ ಸುತ್ತಿದ ಗಂಟೆಯನ್ನು ಎರಡು ಸಲ ಎಳೆದು, ಸದ್ದಾಗದ್ದನ್ನು ಕಂಡು, ಕೂಗಿಯೇ ಎಲ್ಲರನ್ನೂ ಕರೆದ.

"ಎರಡು ವಾರ ಇದೆಯಲ್ಲೋ," ಎಂದಳು ಗ್ರಿಜೆಲ್.

"ನಾಳೆ ಹೊರಟ್ರೆ ಲೀತ್‌ನಲ್ಲಿ ಹಡಗು ನೋಡ್ಕೋಬಹುದು."

"ಹೂಂ," ಎಂದಳು ಅವಳು. ಅದೇ ಅವನನ್ನು ಚುಚ್ಚಿತು.

ಮರುದಿನ ಬೆಳಗ್ಗೆ ಕುದುರೆಗೆ ಜೀನು ಹಾಕಿಸಿ ಹೊರಟ. ಸಾಮಾನಿನ ಗಾಡಿ ಮುಂದೆ ಹೋಯಿತು. ಹಳೆಯ ದಾರಿಯಲ್ಲಿ ಎಫಿಯ ಮನೆ ದಾಟಿಯೇ ಹೋಗಬೇಕು. ದಾಟಿದ. ನೂರು ಗಜ ಮುಂದೆ ಹೋದ. ಅಲ್ಲಿಂದ ಕುದುರೆ ತಿರುಗಿಸಿ ಬಂದು, ಇಳಿದು, ಅವಳ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದ.

ಎಫಿ ಕಾವಲಿಯ ಮೇಲೆ ಓಟ್ಸ್ ರೊಟ್ಟಿ ಬೇಯಿಸುತ್ತಿದ್ದಳು. "ಮತ್ತೆ ದಾರಿ ವಿಷಯವಾ?" ಎಂದಳು.

"ಅಲ್ಲ. ಗಿಬ್ ವಿಷಯ." ಅವನು ಬೆಂಚಿನ ಮೇಲೆ ಕೂತ. "ಅವನು ಯುದ್ಧದಲ್ಲಿ ಸಾಯಲಿಲ್ಲ ಎಫಿ."

ಎಲ್ಲವನ್ನೂ ಹೇಳಿದ. ಯಾವುದನ್ನೂ ತಿರುಚಲಿಲ್ಲ, ತಿರುಚಿದ್ದರೆ ಸುಲಭವಾಗುತ್ತಿತ್ತು. ಅವಳು ರೊಟ್ಟಿ ಮಗುಚುವ ಕೋಲು ಹಿಡಿದು ಒಲೆಯ ಕಡೆಗೇ ಮುಖ ಮಾಡಿ ನಿಂತಿದ್ದಳು.

"ಕಾಗದದಲ್ಲಿ ಏನಿತ್ತು?" ಎಂದಳು.

"ದೊಡ್ಡ ಊರಿನ ಅಧಿಕಾರ ನನಗೆ ಕೊಡಿ ಅಂತ."

"ಕೊಟ್ರಾ?"

"ಇಲ್ಲ. ಜೂನಲ್ಲಿ ಉತ್ತರ ಬಂತು. ಎರಡೇ ಸಾಲು. ಆ ಜಾಗ ಹಿಂದಿನ ವರ್ಷವೇ ಬೇರೆಯವರಿಗೆ ಹೋಗಿತ್ತಂತೆ."

ರೊಟ್ಟಿ ಸೀಯುವ ವಾಸನೆ ಬಂತು. ಎಫಿ ಅದನ್ನು ತೆಗೆದು, ಕಪ್ಪಾದ ಭಾಗವನ್ನು ಚಾಕುವಿನಿಂದ ಕೆರೆದಳು. ಕೆರೆಯುತ್ತಲೇ ಇದ್ದಳು. ರೊಟ್ಟಿ ಎರಡು ತುಂಡಾಯಿತು.

"ತಡೀರಿ ಅಂತ ಯಾರೂ ಹೇಳಲಿಲ್ವಾ ನಿಮಗೆ?"

"ಹೇಳಿದ್ರು. ಒಂದು ವಾರ ತಡೀರಿ ಅಂದಿದ್ರು."

"ನೀವು ತಡೀಲಿಲ್ಲ."

"ತಡೀಲಿಲ್ಲ."

"ವಾಟ್ ಜೊತೇಲೇ ಇದ್ನಾ?"

"ಇದ್ದ. ಗಿಬ್‌ನ ನೀರಿಂದ ಎಳೆದವನು ಅವನೇ. ನಿನಗೆ ನೋವಾಗ್ಬಾರ್ದು ಅಂತ..."

ಆಗ ಅವಳು ತಿರುಗಿದಳು. ಅವಳ ಮುಖ ಬೆಂಕಿಯ ಝಳಕ್ಕೋ ಸಿಟ್ಟಿಗೋ ಕೆಂಪಾಗಿತ್ತು. "ಇಪ್ಪತ್ತೆರಡು ವರ್ಷ! ಪ್ರತಿ ಭಾನುವಾರ ನೀವು ಕೂತಿರೋ ಬೆಂಚಿನ ಮೇಲೆ ಕೂತು ನನ್ನ ಕೈಯ ಬಾರ್ಲಿ ಸಾರು ಕುಡಿದಿದಾನೆ. 'ಎಫಿ, ಇನ್ನೊಂದು ಸೌಟು ಹಾಕು' ಅಂದಿದಾನೆ. ಗಿಬ್ ಕೊನೇಲಿ ಏನಂದ ಅಂತ ನೂರು ಸಲ ಕೇಳಿದೀನಿ. ಏನೂ ಅನ್ನೋಕೆ ಹೊತ್ತಿರಲಿಲ್ಲ, ಗುಂಡು ತಾಗಿದ ತಕ್ಷಣ ಹೋದ ಅಂದಿದಾನೆ. ನನಗೆ ನೋವಾಗೋದು ಯಾವುದು ಅಂತ ನೀವು ಗಂಡಸರು ಕೂತು ತೀರ್ಮಾನ ಮಾಡೋದಾ?"

"ಮಧ್ಯಾಹ್ನದವರೆಗೂ ನಡೆದನಂತೆ," ಎಂದ ಜನರಲ್. "ನೀನು ಹಂದಿ ಹಿಡಿಯೋಕೆ ಹೋಗಿ ಬಿದ್ದ ಕಥೆ ಹೇಳ್ತಿದ್ನಂತೆ."

ಎಫಿ ಅಲ್ಲಿದ್ದ ಮುಕ್ಕಾಲಿಯ ಮೇಲೆ ಕುಸಿದಳು. ಮುಂಗೈಯಿಂದ ಬಾಯಿ ಒತ್ತಿಕೊಂಡಳು. ಜನರಲ್‌ನ ಕಾಲು ಎದ್ದೇಳಲು ಹವಣಿಸುತ್ತಿತ್ತು. ಹಿಮ್ಮಡಿ ನೆಲಕ್ಕೆ ತಟತಟ ಬಡಿಯುತ್ತಿತ್ತು. ಮೊಣಕಾಲ ಮೇಲೆ ಎರಡೂ ಕೈ ಒತ್ತಿ ಅದನ್ನು ನಿಲ್ಲಿಸಿದ. ಹೊರಗೆ ಕುದುರೆ ಕೆನೆಯಿತು. ಒಲೆ ಆರುತ್ತ ಬಂತು. ಅವಳು ಬೈಯಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ಕೊನೆಗೆ ಅವನೇ, "ಈ ಮನೆ ಮುಟ್ಟೋದಿಲ್ಲ ಎಫಿ. ಇದು ಹೀಗೇ ಇರಲಿ," ಎಂದ.

ಅವಳು ತಲೆ ಎತ್ತಿದಳು. "ಅದು ನೀವು ಕೊಡೋದಲ್ಲ ಧಣಿ. ಗಿಬ್‌ಗೆ ಬದಲು ಅಂತ ನನ್ನ ಮನೇನೇ ನನಗೆ ಕೊಡ್ತೀರಾ? ನಿಜ ಹೇಳ್ಲಾ? ಇನ್ನೊಂದು ನಾಲ್ಕು ದಿನ ಬಂದು ಕೇಳಿದ್ರೆ ಬಿಟ್ಟುಕೊಡ್ತಿದ್ದೆ. ಮಂಡಿ ನೋವು ನನಗೆ. ಚರ್ಚಿನ ಪಕ್ಕ ಆದ್ರೆ ನಡಿಗೆ ಉಳೀತಿತ್ತು. ಈಗ ಕೊಡಲ್ಲ. ನಾನು ಸಾಯೋವರೆಗೂ ನಿಮ್ಮ ದಾರಿ ನನ್ನ ಮನೆ ಬಳಸ್ಕೊಂಡು ಹೋಗ್ಲಿ."

"ಹೋಗ್ಲಿ," ಎಂದ ಅವನು.

"ಈಗ ಏಳಿ. ಒಲೆ ಹಚ್ಚಬೇಕು ನಾನು."

ಅವನು ಲೀತ್ ತಲುಪಿದಾಗ ಹಡಗು ಬಂದರಿನಲ್ಲೇ ಇತ್ತು. ನೀರು, ಒಣಮೀನು, ಬಿಸ್ಕತ್ತು ಎಲ್ಲ ತುಂಬಿಸಿಕೊಂಡು ವಾರದೊಳಗೆ ಸಿದ್ಧವಾಯಿತು. ಆದರೆ ಹೊರಡಬೇಕಾದ ದಿನ ಪೂರ್ವದ ಗಾಳಿ ಎದ್ದಿತು. ಸಮುದ್ರದಿಂದ ನೇರ ಒಳಮುಖವಾಗಿ ಬೀಸುವ, ಮಳೆಹನಿ ಬೆರೆತ ಗಾಳಿ. ಕ್ಯಾಪ್ಟನ್ ಬಂದು ಟೊಪ್ಪಿ ತೆಗೆದು, ಈ ಗಾಳಿ ತಿರುಗುವವರೆಗೆ ಹೊರಡುವಂತಿಲ್ಲ ಎಂದ.

ಜನರಲ್‌ನ ಜೊತೆ ದ್ವೀಪಕ್ಕೆ ಹೊರಟಿದ್ದ ಕಾರ್ಯದರ್ಶಿ, ಬ್ಲೇಕಡರ್ ಎಂಬ ಮೂವತ್ತು ದಾಟಿದ ಚುರುಕು ಮನುಷ್ಯ, ಎರಡನೆಯ ದಿನಕ್ಕೇ ಚಡಪಡಿಸತೊಡಗಿದ. "ಸಾಹೇಬ್ರೇ, ಇವನಿಗೆ ಹೆದರಿಕೆ ಅಷ್ಟೆ. ಪಕ್ಕದ ಹಡಗಿನವನು ನಿನ್ನೆ ಹೊರಟೇ ಹೋದ. ನೀವು ಒಂದು ಮಾತು ಹೇಳಿ ಸಾಕು, ಬಾಯಿ ಮುಚ್ಕೊಂಡು ಹಾಯಿ ಏರಿಸ್ತಾನೆ."

ಹೇಳಿದರೆ ಏರಿಸುತ್ತಿದ್ದ ಎಂಬುದು ಜನರಲ್‌ಗೂ ಗೊತ್ತಿತ್ತು. ಆ ಮಾತು ನಾಲಗೆಯ ತುದಿಯಲ್ಲೇ ಇತ್ತು. ದಿನಕ್ಕೆ ಹತ್ತು ಸಲ ಕ್ಯಾಪ್ಟನ್ನನ್ನು ಕರೆಸಬೇಕೆಂದು ಎದ್ದ. ಪ್ರತಿ ಸಲವೂ ಬೂಟು ಹಾಕಿಕೊಂಡು ಹಡಗುಕಟ್ಟೆಯ ಮೇಲೆ ನಡೆಯಲು ಹೋದ.

"ಅವನ ಹಡಗಿನಲ್ಲಿ ಎಷ್ಟು ಜನ?" ಎಂದು ಒಮ್ಮೆ ಕೇಳಿದ.

"ಆಳುಗಳಾ? ಇಪ್ಪತ್ತಾರೋ ಏನೋ."

"ಹೆಸರು ಗೊತ್ತಾ?"

ಬ್ಲೇಕಡರ್ ಅವನ ಮುಖ ನೋಡಿದ. "ಆಳುಗಳ ಹೆಸರಾ ಸಾಹೇಬ್ರೇ? ಯಾಕೆ?"

"ಸುಮ್ಮನೆ," ಎಂದ ಜನರಲ್.

ಆರನೆಯ ದಿನ ಗ್ರಿಜೆಲ್‌ಳ ಕಾಗದ ಬಂತು. ಅವಳ ಬರವಣಿಗೆಯೂ ಅವಳ ಮಾತಿನ ಹಾಗೇ, ಉಸಿರು ಬಿಡದೆ. ಎಫಿ ಭಾನುವಾರ ಚರ್ಚಿನಿಂದ ಹೊರಬರುತ್ತಿದ್ದ ವಾಟ್‌ನನ್ನು ಇಡೀ ಊರಿನೆದುರು ನಿಲ್ಲಿಸಿಕೊಂಡು ಮೈಚಳಿ ಬಿಡಿಸಿದಳಂತೆ. ವಾಟ್ ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ನಾಲ್ಕನೆಯ ದಿನ ಅವಳೇ ಹೇಳಿಕಳಿಸಿದಳಂತೆ: ಮೊದಲಿನಿಂದ ಕೊನೆವರೆಗೆ ಒಂದು ಮಾತೂ ಬಿಡದೆ ಹೇಳುವುದಾದರೆ ಬಾ, ಇಲ್ಲವಾದರೆ ಈ ಹೊಸಿಲು ತುಳಿಯಬೇಡ. ಹೋಗಿದ್ದಾನೆ, ಏನು ಮಾತಾಡಿಕೊಂಡರೋ ತಿಳಿಯದು. ಸಾರು ಹಾಕಿದಳೋ ಇಲ್ಲವೋ ಅದೂ ತಿಳಿಯದು. ನಿನ್ನ ದಾರಿಯ ಕೆಲಸ ಅರ್ಧಕ್ಕೆ ನಿಂತಿದೆ, ಸುಗ್ಗಿಯಾದ ಮೇಲೆ ನೋಡೋಣ. ಗಂಟೆಯನ್ನು ಇಳಿಸಿ ಕೋಳಿಗಳಿಗೆ ನೀರು ಇಡಲು ಬಳಸುತ್ತಿದ್ದೇನೆ. ಅಲ್ಲಿ ಚಳಿಯಂತೆ, ಎದೆಗೆ ಫ್ಲಾನೆಲ್ ಬಟ್ಟೆ ಕಟ್ಟಿಕೊ.

ಅವನು ಅದನ್ನು ಎರಡು ಸಲ ಓದಿದ. ಹೆಚ್ಚಿನದೇನೋ ಇರಬಹುದೆಂದು ಹಾಳೆ ತಿರುಗಿಸಿಯೂ ನೋಡಿದ. ಎಫಿ ಅವನ ಬಗ್ಗೆ ಏನೂ ಹೇಳಿಕಳಿಸಿರಲಿಲ್ಲ. ಹೇಳಿಕಳಿಸಬೇಕಾದ್ದೂ ಏನಿರಲಿಲ್ಲ. ಉತ್ತರ ಬರೆಯಲು ಕೂತು ಎದ್ದ, ಮತ್ತೆ ಕೂತ. ಕೊನೆಗೆ ಬರೆದದ್ದು ಇಷ್ಟೇ: ಆ ಒಂಬತ್ತು ಜನರ ಹೆಸರು, ಅವರ ಊರು, ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ವಾಟ್‌ನಿಂದ ಕೇಳಿ ನನಗೆ ಕಳಿಸು. ಅವಸರವಿಲ್ಲ.

'ಅವಸರವಿಲ್ಲ' ಎಂಬ ಮಾತನ್ನು ಅವನ ಕೈ ಹಿಂದೆಂದೂ ಬರೆದಿರಲಿಲ್ಲ. ಅಕ್ಷರಗಳು ಬೇರೆ ಯಾರದೋ ಬರವಣಿಗೆಯ ಹಾಗೆ ಕಂಡವು.

ಗಾಳಿ ಒಂಬತ್ತು ದಿನ ಬೀಸಿತು. ಬ್ಲೇಕಡರ್ ಇಸ್ಪೀಟು ಆಡಿ ಬೇಸತ್ತ. ಅವರು ಇಳಿದುಕೊಂಡಿದ್ದ ಛತ್ರದವಳು, ಈ ಮುದುಕ ನನ್ನ ಮೆಟ್ಟಿಲು ಸವೆಸಿಬಿಡುತ್ತಾನೆ ಎಂದು ಅಡುಗೆಮನೆಯಲ್ಲಿ ಗೊಣಗಿದಳು. ಜನರಲ್ ಮಾತ್ರ ಯಾರಿಗೂ ಏನೂ ಹೇಳದೆ ಕಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಮಳೆಯಲ್ಲಿ ಮುಖ ತೊಯ್ಯಿಸಿಕೊಂಡು, ನಡೆಯುತ್ತಲೇ ಇದ್ದ. ಒಳಗಿನ ಕುದಿತ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದು ಕಡಿಮೆಯಾಗುವಂಥದ್ದಲ್ಲ ಎಂಬುದು ಆ ಒಂಬತ್ತು ದಿನಗಳಲ್ಲಿ ಅವನಿಗೆ ಗೊತ್ತಾಗಿತ್ತು.

ಹತ್ತನೆಯ ಬೆಳಗ್ಗೆ ಗಾಳಿ ಪಶ್ಚಿಮಕ್ಕೆ ತಿರುಗಿತು. ಕ್ಯಾಪ್ಟನ್ ತಾನೇ ಓಡಿಬಂದು ಛತ್ರದ ಬಾಗಿಲು ತಟ್ಟಿದ. ಜನರಲ್ ಕೋಣೆಯಲ್ಲಿರಲಿಲ್ಲ. ಕಟ್ಟೆಯ ಕೊನೆಯಲ್ಲಿ, ಬೆನ್ನ ಹಿಂದೆ ಕೈಕಟ್ಟಿ, ಆಚೆ ಮುಖ ಮಾಡಿ ನಡೆಯುತ್ತಿದ್ದ. ಎರಡು ಸಲ ಕೂಗಬೇಕಾಯಿತು.

"ಗಾಳಿ ಬಂತು ಸಾಹೇಬ್ರೇ! ಈಗ ಹೊರಡಬಹುದು!"

"ನಿನ್ನ ಜನ ಎಲ್ಲ ತಿಂಡಿ ತಿಂದ್ರಾ?" ಎಂದು ಕೇಳಿದ ಜನರಲ್.

"ಇಲ್ಲ, ಇನ್ನೂ ಇಲ್ಲ."

"ಮೊದಲು ತಿನ್ನಲಿ," ಎಂದು, ಅವನು ದೋಣಿಯ ಕಡೆಗೆ ದಾಪುಗಾಲು ಹಾಕುತ್ತ ಬಂದ.